ಡೈನಮೋ ಅಕ್ಕ ಮತ್ತು ಮಧ್ಯಾಹ್ನ ನಿಲ್ಲುವ ಫ್ಯಾನು

ಗ್ಯಾರೇಜು ಬೀದಿಗೆ ಬಂದು "ಗಾಡಿಯ ಕರೆಂಟು ಕೈಕೊಟ್ಟಿದೆ" ಎಂದು ಯಾರಿಗೇ ಹೇಳಿದರೂ ಅವರ ಬೆರಳು ಒಂದೇ ಅಂಗಡಿಯ ಕಡೆ ತಿರುಗುತ್ತದೆ. ನೀಲಿ ಷಟರು, ಗೋಡೆಗೆ ಒರಗಿಸಿಟ್ಟ ಹಳೆಯ ಬ್ಯಾಟರಿಗಳ ಸಾಲು, ಬಾಗಿಲ ಪಕ್ಕದಲ್ಲಿ ಯಾವುದೋ ಕಾಲದ ಬಸ್ಸಿನಿಂದ ಕಿತ್ತು ತಂದ ಇಬ್ಬರು ಕೂರುವ ಸೀಟು. ಆ ಸೀಟಿನ ಮೇಲೆ ಕಾಲು ಮಡಚಿ ಕೂತು ಇಡೀ ಬೀದಿಯ ಯೋಗಕ್ಷೇಮ ವಿಚಾರಿಸುವವರು ಅಮ್ಮ. ಎದುರಿಗೆ ನಿಂತ ಗಾಡಿಯ ಕೆಳಗಿನಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದರೆ, ಅದು ಅಮ್ಮನ ಮಗಳು. ಡೈನಮೋ ಅಕ್ಕ.

ಹೆಸರು ಬಂದದ್ದು ಅವಳು ಇನ್ನೂ ಚಿಕ್ಕವಳಿದ್ದಾಗ. ಆಗ ಅಂಗಡಿ ನಡೆಸುತ್ತಿದ್ದ ಅಪ್ಪ ಜ್ವರದಿಂದ ಮಲಗಿದ್ದ ದಿನ ಆಟಗಾರರ ತಂಡವೊಂದರ ಬಸ್ಸು ಅಂಗಡಿಯ ಮುಂದೆ ಉಸಿರು ಬಿಟ್ಟಿತು. ಡೈನಮೋದೊಳಗೆ ಕರೆಂಟು ದಾಟಿಸುವ ಕಾರ್ಬನ್ ತುಂಡು ಸವೆದುಹೋಗಿತ್ತು, ಹೊಸದು ಎಲ್ಲೂ ಸಿಗಲಿಲ್ಲ. ಹುಡುಗಿ ಮನೆಗೆ ಓಡಿ, ಅಮ್ಮನ ಬಟ್ಟೆ ಒಗೆಯುವ ಮೆಷಿನ್ನಿನ ಹೊಟ್ಟೆ ಬಗೆದು, ಅದರ ಕಾರ್ಬನ್ನನ್ನು ಅರದಿಂದ ಉಜ್ಜಿ ಉಜ್ಜಿ ಅಳತೆಗೆ ತಂದು ಬಸ್ಸಿಗೆ ಕೂರಿಸಿದಳು. ಬಸ್ಸು ಹೊರಟಿತು, ಆಟಗಾರರು ಕಿಟಕಿಯಿಂದ ತಲೆ ಹಾಕಿ "ಡೈನಮೋ! ಡೈನಮೋ!" ಎಂದು ಕೂಗಿಕೊಂಡು ಹೋದರು. ಅಮ್ಮ ಅವತ್ತಿನಿಂದ ಎಷ್ಟೋ ದಿನ ಕೈಯಲ್ಲೇ ಬಟ್ಟೆ ಒಗೆದರು. ಆ ಮಾತನ್ನು ಅವರು ಈಗಲೂ ಬಿಟ್ಟಿಲ್ಲ.

"ಇವಳಿಗೆ ಹೆಸರು ಬಂತು, ನನಗೆ ಸೊಂಟನೋವು ಬಂತು," ಎನ್ನುತ್ತಾರೆ.

ಅಪ್ಪ ಹೋದ ಮೇಲೆ ಅಂಗಡಿ ಅವಳದಾಯಿತು. ಹೆಣ್ಣು ನೋಡಲು ಬಂದವರೆಲ್ಲ ಅವಳ ಕಾಲು ನೋಡಿ ಹೋದರು, ಯಾಕೆಂದರೆ ಅವರು ಬಂದಾಗಲೆಲ್ಲ ಅವಳು ಯಾವುದಾದರೊಂದು ಗಾಡಿಯ ಕೆಳಗಿರುತ್ತಿದ್ದಳು. ಹೀಗೇ ನಲವತ್ತು ದಾಟಿತು. ಅದರ ಬಗ್ಗೆ ಅವಳು ಅತ್ತದ್ದನ್ನು ಯಾರೂ ಕಂಡಿಲ್ಲ. ಕೆಲಸ ಮಾಡುವಾಗ ಗಾಡಿಯ ಜೊತೆ ಮಾತಾಡುತ್ತಾಳೆ, "ಎಲ್ಲಿ ನೋಯುತ್ತೆ ಹೇಳು, ನಾಚ್ಕೋಬೇಡ" ಎನ್ನುತ್ತಾಳೆ. ಮೀಟರಿಗಿಂತ ಮೊದಲು ಮೂಗು, ಮೂಗಿಗಿಂತ ಮೊದಲು ಕೈ ಎನ್ನುವುದು ಅವಳ ಕ್ರಮ. ವೈರಿನ ಗುಂಟ ಅಂಗೈಯ ಹಿಂಭಾಗ ಸವರುತ್ತ ಹೋಗಿ, ಬೆಚ್ಚಗಿರುವ ಕಡೆ ನಿಲ್ಲುತ್ತಾಳೆ. ಅವಳ ಕೈ ದಾಟಿದ ಗಾಡಿ ಅದೇ ದೂರು ಹೊತ್ತು ಮತ್ತೆ ಬಂದದ್ದಿಲ್ಲ. ಅಂದರೆ, ಮನೆಗಾಡಿ ಬರುವ ತನಕ ಬಂದಿರಲಿಲ್ಲ.

ಮನೆಗಾಡಿ ಎಂದು ಹೆಸರಿಟ್ಟದ್ದು ಅಮ್ಮ. ಅದೊಂದು ಹಳೆಯ ಕ್ಯಾಂಪರ್ ವ್ಯಾನು. ಒಳಗೆ ಒಂದು ಮಂಚ, ಮಡಚುವ ಮೇಜು, ಪುಟ್ಟ ಒಲೆ, ಕಿಟಕಿಗೆ ಹೂವಿನ ಪರದೆ. ಮಂಚದ ಕಾಲ ಬಳಿ ಗೋಡೆಗೆ ಅಂಟಿಕೊಂಡ ಒಂದು ಕಪಾಟು, ಕಪಾಟಿನ ತಳದಲ್ಲಿ ಇನ್ವರ್ಟರು, ಸೀಟಿನ ಕೆಳಗೆ ಅದಕ್ಕೆ ಬ್ಯಾಟರಿ. ಅದನ್ನು ಓಡಿಸಿಕೊಂಡು ಬಂದವರು ಕೆಳಗಿನ ಬೀದಿಯ ಬೇಕರಿಯವರು. ಎತ್ತರದ ಆಳು, ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ಮಾತು ಕಡಿಮೆ. ಎಷ್ಟು ಕೊಡವಿಕೊಂಡರೂ ಹುಬ್ಬಿನ ಮೇಲೆ ಒಂದಿಷ್ಟು ಮೈದಾ ಹಿಟ್ಟು ಉಳಿದೇ ಇರುತ್ತದೆ.

"ಫ್ಯಾನು ನಿಲ್ಲುತ್ತೆ," ಎಂದರು ಅವರು.

"ಯಾವಾಗ?"

"ಮಧ್ಯಾಹ್ನ. ನಾನು ಮಲಗಿದ ಮೇಲೆ."

ಬೇಕರಿಯವರಿಗೆ ಮಧ್ಯಾಹ್ನವೇ ರಾತ್ರಿ. ಊರು ಏಳುವ ಮೊದಲು ಎದ್ದು ಒಲೆ ಹಚ್ಚುವವರು, ಊಟದ ಹೊತ್ತಿಗೆ ಅಂಗಡಿ ಮುಚ್ಚಿ ಮಲಗುತ್ತಾರೆ. ಒಲೆಯ ಮೇಲಿನ ಕೋಣೆ ಕಾದ ಬಾಣಲೆಯಾಗಿರುತ್ತದೆಂದು ಹಿತ್ತಲಲ್ಲಿ ನಿಲ್ಲಿಸಿದ ಕ್ಯಾಂಪರಿನಲ್ಲಿ ಮಲಗುವುದು. ಕಣ್ಣು ಹತ್ತಿ ಒಂದು ನಿದ್ದೆಯಾಗುವಷ್ಟರಲ್ಲಿ ಫ್ಯಾನು ನಿಂತು, ದೀಪವೂ ಹೋಗಿ, ಬೆವರಿನಲ್ಲಿ ಒದ್ದೆಯಾಗಿ ಏಳುವುದು. ಬೇಕರಿ ಮುಚ್ಚಿ ಒಂದು ತಿಂಗಳು ಊರೂರು ಸುತ್ತಬೇಕೆಂದು ಗಾಡಿ ಕೊಂಡಿದ್ದರಂತೆ. ಹಿತ್ತಲಲ್ಲೇ ಕೈಕೊಡುವ ಗಾಡಿ ನಂಬಿಕೊಂಡು ಎಲ್ಲಿಗೆ ಹೋಗುವುದು?

ಡೈನಮೋ ಅಕ್ಕ ಗಾಡಿ ಹತ್ತಿದಳು, ಸ್ವಿಚ್ಚು ಒತ್ತಿದಳು. ಫ್ಯಾನು ಗಿರ್ರೆಂದು ತಿರುಗಿತು. ಅಂಗಡಿಯ ಮುಂದೆ ಸಂಜೆಯ ತನಕ ತಿರುಗಿತು. ಕಪಾಟಿನೊಳಗೆ ತಲೆ ಹಾಕಿದಾಗ ಮಾತ್ರ ಅವಳ ಮೂಗು ಚುರುಕಾಯಿತು: ಹುಳಿ ವಾಸನೆ. ಇಪ್ಪತ್ತು ವರ್ಷ ಬ್ಯಾಟರಿಗಳ ನಡುವೆ ಬದುಕಿದವಳಿಗೆ ಹುಳಿ ವಾಸನೆ ಎಂದರೆ ಒಂದೇ ಅರ್ಥ, ಬ್ಯಾಟರಿಯ ಆಸಿಡ್ಡು.

"ಬ್ಯಾಟರಿ ಉಸಿರು ಬಿಡ್ತಾ ಇದೆ," ಎಂದು ತೀರ್ಪು ಕೊಟ್ಟು, ತೊಳೆದು, ನೀರು ತುಂಬಿ, ತುದಿಗಳನ್ನು ಉಜ್ಜಿ ಗಟ್ಟಿಯಾಗಿ ಬಿಗಿದಳು.

ಮರುದಿನ ಸಂಜೆ ಮನೆಗಾಡಿ ಮತ್ತೆ ಬಂತು. ಬೇಕರಿಯವರು ಇಳಿದರು. ಒಂದು ಕೈಯಲ್ಲಿ ದೂರು, ಇನ್ನೊಂದು ಕೈಯಲ್ಲಿ ಕಾಗದದಲ್ಲಿ ಸುತ್ತಿದ ಬೆಚ್ಚನೆಯ ಬ್ರೆಡ್ಡು.

"ಫ್ಯಾನು ನಿಲ್ಲುತ್ತೆ," ಎಂದರು. ಬ್ರೆಡ್ಡನ್ನು ಅಮ್ಮನ ಮಡಿಲಲ್ಲಿ ಇಟ್ಟರು.

ಆ ಬ್ರೆಡ್ಡಿನ ವಿಷಯ ಇಲ್ಲೇ ಹೇಳಿಬಿಡಬೇಕು. ಅಮ್ಮ ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡವರು, ಅದನ್ನು ನುಂಗುವ ಮೊದಲೇ ಇನ್ನೊಂದು ತುಂಡು ಮುರಿದರು. ಹೊರಗೆ ಗರಿಗರಿ, ಒಳಗೆ ಹತ್ತಿಯ ಹಾಗೆ ಮೆತ್ತಗೆ. ಬಾಯಿ ಬಿಟ್ಟಾಗ ಹೇಳಿದ್ದು ಇಷ್ಟೇ: "ನೋಡೇ, ಈ ಗಾಡೀನ ಅಷ್ಟು ಬೇಗ ರಿಪೇರಿ ಮಾಡ್ಬೇಡ."

ಅವಳು ಬೇಗ ಮಾಡುವ ಮಾತೇ ಇರಲಿಲ್ಲ. ಎರಡನೆಯ ಸಲ ಫ್ಯೂಸುಗಳನ್ನೆಲ್ಲ ಬದಲಿಸಿದಳು. ಮೂರನೆಯ ಸಲ ವೈರುಗಳನ್ನು ಎಳೆದೆಳೆದು ನೋಡಿದಳು. ಆಮೇಲೆ ಬ್ಯಾಟರಿಯನ್ನೇ ಬದಲಿಸಿದಳು. ಹುಳಿ ವಾಸನೆ ಮಾತ್ರ ಹಾಗೇ ಇತ್ತು. ಇನ್ವರ್ಟರನ್ನು ಬಿಚ್ಚಿ ಮೇಜಿನ ಮೇಲಿಟ್ಟು ಒಂದು ಇಡೀ ದಿನ ಎರಡು ಫ್ಯಾನು ಓಡಿಸಿದಳು, ಅದು ಕಣ್ಣು ಪಿಳುಕಿಸಲಿಲ್ಲ. ಗಾಡಿಯೊಳಗಿಟ್ಟು ಹಿತ್ತಲಿಗೆ ಕಳಿಸಿದರೆ ಮರುದಿನ ಸಂಜೆ ಅದೇ ಮುಖ, ಅದೇ ಮೈದಾ ಹುಬ್ಬು, ಅದೇ ಮಾತು. ಮತ್ತೊಂದು ಬ್ರೆಡ್ಡು.

ಬೀದಿಗೆ ಹಬ್ಬವೋ ಹಬ್ಬ. ಪಕ್ಕದ ಅಂಗಡಿಯಲ್ಲಿ ಗಾಡಿಗಳ ಜಜ್ಜಿದ ಮೈ ಬಡಿದು ಸರಿಮಾಡುವ ಟಿಂಕರ್ ಮಾವನಿಗೆ, ಆಯುಷ್ಯವಿಡೀ ಸುತ್ತಿಗೆಯ ಸದ್ದು ಕೇಳಿ ಕೇಳಿ ಕಿವಿ ಮಂದ. ಹಾಗಾಗಿ ಅವನು ಗುಟ್ಟು ಹೇಳಿದರೆ ಬೀದಿಯ ಕೊನೆಯ ಪಂಕ್ಚರ್ ಅಂಗಡಿಯವರೆಗೂ ಕೇಳುತ್ತದೆ.

"ಅಕ್ಕಾ, ಒಂದು ಗುಟ್ಟು ಹೇಳ್ಲಾ?" ಎಂದು ಅವನು ಒಂದು ದಿನ ಗಾಡಿಯ ಕೆಳಗೆ ಬಗ್ಗಿ ಕಿರುಚಿದ.

"ಹೇಳಬೇಡ ಮಾವ, ದಮ್ಮಯ್ಯ," ಎಂದಳು ಅವಳು ಕೆಳಗಿನಿಂದ.

"ಆ ಮನುಷ್ಯ ಬೇಕಂತಲೇ ಗಾಡಿ ಕೆಡಿಸ್ಕೊಂಡು ಬರ್ತಾನೆ!"

"ಯಾಕೆ ಕೆಡಿಸ್ತಾರೆ? ತಲೆ ಕೆಟ್ಟಿದ್ಯಾ?"

"ತಲೆ ಅಲ್ಲ, ಹೃದಯ ಕೆಟ್ಟಿದೆ! ಗಮನಿಸಿದ್ದೀಯಾ, ಊರಿಗೆ ಊರೇ ನಿನ್ನನ್ನ ಅಕ್ಕ ಅನ್ನುತ್ತೆ. ನಾನು ನಿನಗಿಂತ ಎಷ್ಟು ದೊಡ್ಡವನು, ನಾನೂ ಅಕ್ಕ ಅಂತೀನಿ. ಪೊಲೀಸಿನವರು ಅಕ್ಕ ಅಂತಾರೆ. ಆ ಮನುಷ್ಯನ ಬಾಯಲ್ಲಿ ಇವತ್ತಿನವರೆಗೂ ಅಕ್ಕ ಅನ್ನೋ ಮಾತು ಬಂದಿಲ್ಲ! 'ಇವ್ರೇ' ಅಂತಾನೆ, 'ನೋಡಿ' ಅಂತಾನೆ, ಕೆಮ್ತಾನೆ. ಅಕ್ಕ ಅನ್ನಲ್ಲ!"

ಬೀದಿಯ ಉದ್ದಕ್ಕೂ ಸುತ್ತಿಗೆಗಳು ನಿಂತವು. ಗಾಡಿಯ ಕೆಳಗೆ ಅವಳ ಕೈಯಿಂದ ಸ್ಪಾನರ್ ಜಾರಿ ಹಣೆಯ ಮೇಲೆ ಬಿತ್ತು. ನೋವೇ ಆಗಲಿಲ್ಲ. ಹೌದಲ್ಲ! ಕೆಮ್ಮುತ್ತಾರೆ ಹೊರತು ಅಕ್ಕ ಎಂದು ಒಂದು ಸಲವೂ ಕರೆದಿಲ್ಲ. ಅವಳು ಅಲ್ಲೇ ಮಲಗಿ, ಸೈಲೆನ್ಸರಿನ ತುಕ್ಕನ್ನು ನೋಡುತ್ತ ನಕ್ಕಳು. ಅವಳ ಎರಡೂ ಕಾಲಿನ ಬೆರಳುಗಳು ಕುಣಿಯುತ್ತಿದ್ದುದನ್ನು ಅಮ್ಮ ಬಸ್ಸಿನ ಸೀಟಿನಿಂದ ನೋಡಿದರು.

ಆ ದಿನದಿಂದ ಡೈನಮೋ ಅಕ್ಕನ ತಲೆ ಅವಳ ಹತೋಟಿಯಲ್ಲಿ ಉಳಿಯಲಿಲ್ಲ. ಹೆಡ್‌ಲೈಟ್ ಸರಿಮಾಡಲು ಬಂದ ಕಾರಿಗೆ ಹಾರ್ನು ಬದಲಿಸಿ ಕಳಿಸಿದಳು. ಸಂಜೆಯಾದರೆ ಮುಖ ತೊಳೆದುಕೊಳ್ಳತೊಡಗಿದಳು, ಅದೂ ಸೋಪು ಹಾಕಿ. ಅವಳ ಸಂಕಟವೂ ಅಲ್ಲೇ ಇತ್ತು. ಬೇಕರಿಯವರು ಬೇಕೆಂದೇ ಕೆಡಿಸುತ್ತಿದ್ದರೆ, ಆಹಾ, ಅದಕ್ಕಿಂತ ಸಂತೋಷ ಇನ್ನೊಂದಿಲ್ಲ. ಬೇಕೆಂದು ಕೆಡಿಸದೆ ನಿಜವಾಗಿಯೇ ಕೆಡುತ್ತಿದ್ದರೆ, ಅವಳು ಅದನ್ನು ಕಂಡುಹಿಡಿದ ದಿನವೇ ಅವರು ಒಂದು ತಿಂಗಳಿಗೆಂದು ಹೊರಟುಬಿಡುತ್ತಾರೆ, ಬಂದ ಮೇಲೂ ಈ ಬೀದಿಗೆ ಕಾಲಿಡಲು ಕಾರಣವಿರುವುದಿಲ್ಲ. ಹಾಗೆಂದು ಕಂಡುಹಿಡಿಯದೆ ಸುಮ್ಮನಿರುವುದು ಅವಳಿಂದಾಗದು. ಕೈಗೆ ಬಂದ ಗಾಡಿಗೆ ಮೋಸ ಮಾಡುವುದಾದರೆ ಅಪ್ಪನ ಅಂಗಡಿಯ ಷಟರು ಎಳೆದು ಮನೆಗೆ ಹೋಗಬಹುದು.

ಮುಂದಿನ ಸಲ ಅವರು ಬಂದಾಗ ಅವಳು ನೇರವಾಗಿ ಕೇಳಿದಳು.

"ಬೇಕರಿಯವರೇ, ನಿಜ ಹೇಳಿ. ಆ ಕಪಾಟಿನಲ್ಲಿ ಇನ್ವರ್ಟರ್ ಬಿಟ್ಟು ಬೇರೆ ಏನಾದ್ರೂ ಇಡ್ತೀರಾ? ಏನಾದ್ರೂ ಮುಟ್ತೀರಾ?"

ಬೇಕರಿಯವರ ಕಿವಿಯ ತುದಿ ಕೆಂಪಾಯಿತು. ಕೆಂಪು ಕುತ್ತಿಗೆಗೆ ಇಳಿಯಿತು.

"ನಾನಾ? ನಾನೇನಿಡ್ಲಿ? ಏನಿಲ್ಲ, ಏನಿಲ್ಲ." ಕೆಮ್ಮಿದರು. "ನೋಡಿ... ಬ್ರೆಡ್ ತಣ್ಣಗಾಗುತ್ತೆ."

ಸುಳ್ಳು ಹೇಳುವುದರಲ್ಲಿ ಅಷ್ಟು ಕೆಟ್ಟ ಮನುಷ್ಯನನ್ನು ಅವಳು ನೋಡಿರಲಿಲ್ಲ. ಖುಷಿಯಲ್ಲಿ ಅವಳಿಗೆ ಗಾಡಿಯ ಬಾನೆಟ್ಟಿನ ಮೇಲೆ ಹತ್ತಿ ಕುಣಿಯಬೇಕೆನಿಸಿತು. ಕೆಡಿಸುತ್ತಿದ್ದಾರೆ! ಖಂಡಿತ ಕೆಡಿಸುತ್ತಿದ್ದಾರೆ! ಇನ್ನು ಕೈಯಲ್ಲಿ ಹಿಡಿಯುವುದೊಂದೇ ಬಾಕಿ. ಹಿಡಿದ ಮೇಲೆ ಏನು ಹೇಳಬೇಕೆಂದು ಅವಳು ಯೋಚಿಸಿರಲಿಲ್ಲ.

ಹೇಳದೆ ಕೇಳದೆ, ಒಂದು ಮಧ್ಯಾಹ್ನ ಅವಳು ಬೇಕರಿಯ ಹಿತ್ತಲಿಗೆ ಹೋದಳು. ಜೊತೆಗೆ ಅಮ್ಮ. ಒಂಟಿ ಗಂಡಸು ಮಲಗುವ ಗಾಡಿಯೊಳಗೆ ಮಗಳೊಬ್ಬಳೇ ಕೂರುವುದು ಬೇಡ ಎಂದು ಅಮ್ಮನ ವಾದ. ಅಲ್ಲಿ ಬ್ರೆಡ್ಡು ಇರಬಹುದು ಎನ್ನುವುದು ಒಳವಾದ.

ಮರದ ನೆರಳಲ್ಲಿ ಮನೆಗಾಡಿ ನಿಂತಿತ್ತು. ಬಾಗಿಲು ತಟ್ಟಿದಾಗ ಒಳಗೆ ಏನೋ ಧಡಧಡ ಸದ್ದಾಯಿತು, ಕಪಾಟಿನ ಬಾಗಿಲು ಮುಚ್ಚಿದ ಸದ್ದೂ ಕೇಳಿತು. ಬೇಕರಿಯವರು ಕೂದಲು ಕೆದರಿಕೊಂಡು ಬಾಗಿಲು ತೆರೆದರು.

"ಅಯ್ಯೋ! ನೀವಾ? ಈಗಲಾ?"

"ನಿಮ್ಮ ಫ್ಯಾನು ಮಧ್ಯಾಹ್ನ ನಿಲ್ಲುತ್ತೆ ತಾನೇ? ನಿಲ್ಲೋದನ್ನ ಕಣ್ಣಾರೆ ನೋಡ್ಬೇಕು," ಎಂದಳು. "ನೀವು ಯಾವತ್ತಿನ ಹಾಗೆ ಮಲ್ಕೊಳ್ಳಿ. ನಾವಿಲ್ಲಿ ಇದ್ದೀವಿ ಅಂತಲೇ ಅನ್ಕೋಬೇಡಿ."

ಎದುರಿಗೆ ಇಬ್ಬರು ಹೆಂಗಸರು ಕೂತು ದಿಟ್ಟಿಸುತ್ತಿರುವಾಗ ಯಾವ ಗಂಡಸಿಗೆ ನಿದ್ದೆ ಬರುತ್ತದೆ? ಅವರು ಮಂಚದ ಮೇಲೆ ಹಲಗೆಯ ಹಾಗೆ ನೆಟ್ಟಗೆ ಮಲಗಿದರು, ಕೈಗಳನ್ನು ಎದೆಯ ಮೇಲಿಟ್ಟುಕೊಂಡರು, ಕಣ್ಣು ಬಿಗಿಯಾಗಿ ಮುಚ್ಚಿದರು. ಕಣ್ಣಿನ ರೆಪ್ಪೆ ಮಾತ್ರ ಪಟಪಟ ಬಡಿಯುತ್ತಿತ್ತು.

"ಇವರು ಹೀಗೇ ಮಲಗೋದಾ? ನೋಡಿದ್ರೆ ಭಯ ಆಗುತ್ತೆ," ಎಂದರು ಅಮ್ಮ.

"ಅಮ್ಮಾ, ಸುಮ್ನಿರು."

"ಮಾತಾಡ್ಬಹುದು, ನನಗೇನೂ ತೊಂದ್ರೆ ಇಲ್ಲ," ಎಂದರು ಬೇಕರಿಯವರು, ಕಣ್ಣು ಮುಚ್ಚಿಕೊಂಡೇ.

"ನಿದ್ದೆ ಮಾಡ್ತಾ ಇರೋರು ಮಾತಾಡ್ಬಾರ್ದು!" ಎಂದು ಡೈನಮೋ ಅಕ್ಕ ಗದರಿದಳು. ಅಷ್ಟರಲ್ಲೇ ಅವಳಿಗೆ ನಗು ಉಕ್ಕಿ ಬಂತು. ಪರದೆಯ ಅಂಚನ್ನು ಬಾಯಿಗೆ ತುರುಕಿಕೊಂಡಳು. ಮಂಚದ ಮೇಲಿನ ಎದೆಯೂ ಕುಲುಕಾಡತೊಡಗಿತು. ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ನಕ್ಕರು, ಗಾಡಿ ಮಾತ್ರ ಮೆಲ್ಲಗೆ ಅಲುಗಾಡಿ ಚಾಡಿ ಹೇಳಿತು.

ಫ್ಯಾನು ತಿರುಗುತ್ತಿತ್ತು. ತಂಪು ಗಾಳಿಗೆ ಮೊದಲು ಸೋತವರು ಅಮ್ಮ. ಮೇಜಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯತೊಡಗಿದರು. ಆ ಗೊರಕೆಯ ಮರೆಯಲ್ಲಿ ಬೇಕರಿಯವರೂ ಡೈನಮೋ ಅಕ್ಕನೂ ಪಿಸುಗುಟ್ಟಿಕೊಂಡು ಮಾತಾಡಿದರು. ಹಿಟ್ಟು ನಾದುವುದು ಹೇಗೆ ಎಂದು ಅವಳು ಕೇಳಿದಳು. ಕತ್ತಲಲ್ಲಿ ಎದ್ದಾಗ ಬೇಸರವಾಗುವುದಿಲ್ಲವೇ ಎಂದು ಕೇಳಿದಳು. "ಒಲೆ ಹತ್ತುವ ತನಕ ಆಗುತ್ತೆ, ಆಮೇಲೆ ಇಲ್ಲ," ಎಂದರು ಅವರು. ಸಣ್ಣ ವೈರು ಕತ್ತಲಲ್ಲಿ ಹೇಗೆ ಗೊತ್ತಾಗುತ್ತದೆ ಎಂದು ಅವರು ಕೇಳಿದರು. ಅವಳು ತನ್ನ ಅಂಗೈಯ ಹಿಂಭಾಗ ತೋರಿಸಿದಳು. ಅವರು ತಮ್ಮದನ್ನು ತೋರಿಸಿದರು, ಒಲೆಯ ಕಾವು ನೋಡಿ ನೋಡಿ ಅಲ್ಲಿ ಕೂದಲೇ ಇರಲಿಲ್ಲ. ಎರಡು ಕೈ ಪಕ್ಕಪಕ್ಕದಲ್ಲಿ ಸ್ವಲ್ಪ ಹೊತ್ತು ಹಾಗೇ ಇದ್ದವು.

ಆಗ ಫ್ಯಾನು ನಿಂತಿತು.

ದೀಪ ಆರಿತು. ಅಮ್ಮ "ಯಾರು ಅದು?" ಎಂದು ಎದ್ದು ಕೂತರು. ಡೈನಮೋ ಅಕ್ಕನಿಗೆ ಎದೆ ಧಸಕ್ಕೆಂದಿತು: ಬೇಕರಿಯವರ ಎರಡು ಕೈಗಳೂ ಅವಳ ಕಣ್ಣೆದುರಿಗೇ ಇದ್ದವಲ್ಲ! ಅವರು ಏನನ್ನೂ ಮುಟ್ಟಿರಲಿಲ್ಲ.

ಆದರೆ ಅವಳೊಳಗಿನ ಕೆಲಸಗಾರ್ತಿ ಎದ್ದಾಗಿತ್ತು. ಬ್ಯಾಟರಿಯಿಂದ ಶುರುಮಾಡಿ ವೈರಿನ ಗುಂಟ ಅಂಗೈಯ ಹಿಂಭಾಗ ಸವರುತ್ತ ಬಂದಳು. ತಣ್ಣಗೆ, ತಣ್ಣಗೆ, ಉಗುರುಬೆಚ್ಚಗೆ. ಕಪಾಟಿನ ಬಾಗಿಲು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಬಿಸಿ!

"ಇದನ್ನ ತೆಗೀಬೇಕು."

"ಅದೊಂದು ಬೇಡ," ಎಂದರು ಬೇಕರಿಯವರು, ಕಪಾಟಿಗೆ ಬೆನ್ನು ಕೊಟ್ಟು ನಿಂತು.

"ಬೆಂಕಿ ಹತ್ತಿಕೊಂಡ್ರೆ?"

ಆ ಮಾತಿಗೆ ಅವರು ಪಕ್ಕಕ್ಕೆ ಸರಿದರು. ಅವಳು ಬಾಗಿಲು ಎಳೆದಳು.

ಇನ್ವರ್ಟರಿನ ಮೇಲೆ, ದಪ್ಪ ಉಣ್ಣೆಯ ಶಾಲಿನಲ್ಲಿ ಸುತ್ತಿದ ದುಂಡನೆಯದೊಂದು ಕೂತಿತ್ತು. ಕಪಾಟಿನ ಮೂಲೆಮೂಲೆಗೂ ಶಾಲನ್ನು ತುರುಕಿ, ಎಳೆಯ ಮಗುವನ್ನು ಮಲಗಿಸಿದ ಹಾಗೆ ಬೆಚ್ಚಗೆ ಹೊದಿಸಿತ್ತು. ಅಮ್ಮ "ಅಯ್ಯೋ ದೇವ್ರೇ, ಯಾರ ಮಗು ಇದು?" ಎಂದು ಎದೆ ಮುಟ್ಟಿಕೊಂಡರು. ಅವಳು ಶಾಲಿನ ತುದಿ ಬಿಡಿಸಿದಳು. ಅಗಲದ ಪಾತ್ರೆ, ಅದರ ಬಾಯಿ ಮೀರಿ ಉಬ್ಬಿ ನಿಂತ ಬಿಳಿಯ ಹಿಟ್ಟು. ಬೆಳಕು ಬಿದ್ದದ್ದೇ ತಡ, ಅದು ಪುಸ್ ಎಂದು ಒಂದು ನಿಟ್ಟುಸಿರು ಬಿಟ್ಟು ಪಾತ್ರೆಯ ಅಂಚಿನಿಂದ ಇಳಿಯತೊಡಗಿತು. ಹುಳಿ ವಾಸನೆ ಗಾಡಿಯ ತುಂಬ ಹರಡಿತು.

ಬೇಕರಿಯವರು ತಪ್ಪು ಒಪ್ಪಿಕೊಳ್ಳುವವರ ಹಾಗೆ ತಲೆ ತಗ್ಗಿಸಿದರು.

"ಹಿಟ್ಟಿಗೆ ಬೆಚ್ಚಗಿನ ಜಾಗ ಬೇಕು," ಎಂದರು. "ಬೇಕರಿಯಲ್ಲಿ ಒಂದು ಕಡೆ ಸುಡುತ್ತೆ, ಇನ್ನೊಂದು ಕಡೆ ತಣ್ಣಗೆ. ಈ ಪೆಟ್ಟಿಗೆ ಮೇಲೆ ಹದವಾಗಿ ಬೆಚ್ಚಗಿರುತ್ತೆ. ಇಲ್ಲಿ ಇಟ್ಟಾಗಿನಿಂದ ಬ್ರೆಡ್ಡು ಹೇಗೆ ಬರ್ತಿದೆ ಅಂತ ನೀವೇ ನೋಡಿದ್ದೀರಿ. ಎದುರು ಬೇಕರಿಯವನು ದಿನಾ ಮೂಗು ತೂರಿಸ್ತಾನೆ, ಹಿಟ್ಟಿಗೆ ಏನು ಹಾಕ್ತೀಯ ಅಂತ. ಅದಕ್ಕೇ ಯಾರಿಗೂ ಹೇಳ್ಲಿಲ್ಲ. ಹಿಟ್ಟಿಗೂ ಫ್ಯಾನಿಗೂ ಏನು ಸಂಬಂಧ ಅಂತ ನನಗೆ ಹೊಳೀಲೇ ಇಲ್ಲ."

"ಇನ್ವರ್ಟರ್ ಉಸಿರಾಡೋ ತೂತುಗಳ ಮೇಲೆಲ್ಲ ಶಾಲು ಹೊದಿಸಿದ್ರೆ ಅದು ಸುಮ್ನಿರುತ್ತಾ? ಕಾದು ಕಾದು ತಾನೇ ಆರಿಕೊಳ್ಳುತ್ತೆ," ಎಂದಳು ಅವಳು. "ನೀವು ಎದ್ದು ಪಾತ್ರೆ ತೆಗೀತೀರಿ. ನನ್ನ ಅಂಗಡಿಗೆ ಬರೋ ಹೊತ್ತಿಗೆ ತಣ್ಣಗಾಗಿ ಏನೂ ಆಗದವರ ಹಾಗೆ ಕೂತಿರುತ್ತೆ. ನಾನು ಹಿಟ್ಟಿನ ವಾಸನೆಗೆ ಬ್ಯಾಟರಿ ಬದಲಿಸಿದ್ದೀನಿ!"

ಅಮ್ಮನಿಗೆ ಮೊದಲು ನಗು ಬಂತು. ಅಮ್ಮನನ್ನು ನೋಡಿ ಮಗಳಿಗೆ ಬಂತು. ಹಿಟ್ಟು ಇನ್ನೂ ನಿಟ್ಟುಸಿರು ಬಿಡುತ್ತಲೇ ಇತ್ತು, ಅದನ್ನು ನೋಡಿ ಬೇಕರಿಯವರಿಗೂ ಬಂತು. ಮೂವರೂ ಹೊಟ್ಟೆ ಹಿಡಿದುಕೊಂಡು, ಒಬ್ಬರ ಮೇಲೊಬ್ಬರು ಬೀಳುತ್ತ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಗು ಇಳಿಯುತ್ತ ಬಂದ ಹಾಗೆ ಡೈನಮೋ ಅಕ್ಕನ ಕಣ್ಣಲ್ಲಿ ಉಳಿದ ನೀರು ಬೇರೆಯಾಯಿತು. ಅದನ್ನು ಅವಳು ತೋಳಿನಿಂದ ಒರೆಸಿಕೊಂಡಳು. ಕೆಡಿಸುತ್ತಿರಲಿಲ್ಲ. ಒಂದು ದಿನವೂ ಕೆಡಿಸಿರಲಿಲ್ಲ. ನಿಜವಾಗಿ ಫ್ಯಾನು ನಿಂತದ್ದಕ್ಕೇ ಬಂದಿದ್ದರು, ಅಷ್ಟೇ.

ಆದರೂ ಕೆಲಸವನ್ನು ಅರ್ಧಕ್ಕೆ ಬಿಡಲಿಲ್ಲ. ಅವತ್ತೇ ಒಂದು ತಂತಿ ಜಾಲರಿ ತಂದು ಇನ್ವರ್ಟರಿನಿಂದ ಗೇಣೆತ್ತರದಲ್ಲಿ ಮಣೆಯ ಹಾಗೆ ಕೂರಿಸಿದಳು, ಕಪಾಟಿನ ಬಾಗಿಲಿಗೆ ತೂತು ಕೊರೆದಳು. ಕಾವು ಪಾತ್ರೆಗೆ ಬರಲಿ, ಗಾಳಿ ಪೆಟ್ಟಿಗೆಗೆ ಸಿಗಲಿ.

"ಹಿಟ್ಟೂ ಉಬ್ಬುತ್ತೆ, ಫ್ಯಾನೂ ತಿರುಗುತ್ತೆ," ಎಂದಳು. "ಇನ್ನು ನೀವು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು."

"ಹೌದಾ?" ಎಂದರು ಬೇಕರಿಯವರು. ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಅದನ್ನು ನೋಡಲು ಅವಳು ತಲೆಯೆತ್ತಿರಲಿಲ್ಲ.

ಮರುದಿನ ಸಂಜೆ ಮನೆಗಾಡಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಡೈನಮೋ ಅಕ್ಕ ಮುಖ ತೊಳೆಯುವುದನ್ನು ಬಿಟ್ಟಳು. ಯಾವ ಗಾಡಿಯ ಜೊತೆಗೂ ಮಾತಿಲ್ಲ. ಅಮ್ಮ ಅಂಗಡಿಯಿಂದ ಯಾವುದೋ ಬ್ರೆಡ್ಡು ತರಿಸಿ, ಒಂದು ಚೂರು ತಿಂದು, ಕಾಗೆಗೆ ಹಾಕಿದರು.

"ನಿನ್ನ ಕೈ ಚುರುಕಿಗೆ ಇಷ್ಟು!" ಎಂದರು. "ರಿಪೇರಿ ಮಾಡ್ಬೇಡ ಅಂದೆ. ಕೇಳಿದ್ಯಾ?"

"ಮಾಡ್ದೇ ಇರೋಕೆ ಆಗ್ತಿತ್ತಾ, ಅಮ್ಮಾ?"

ಅಮ್ಮ ಮಗಳ ಮುಖ ನೋಡಿದರು. "ಆಗ್ತಿರ್ಲಿಲ್ಲ ಬಿಡು," ಎಂದು ಮೆತ್ತಗಾದರು.

ಟಿಂಕರ್ ಮಾವ ಒಮ್ಮೆ ಗುಟ್ಟಾಗಿ "ಅಳ್ತಾ ಇದ್ದೀಯಾ, ಅಕ್ಕಾ?" ಎಂದು ಕೇಳಿದ. ಪಂಕ್ಚರ್ ಅಂಗಡಿಯವನು ಅಲ್ಲಿಂದಲೇ "ಪಾಪ, ಬಿಡು ಮಾವ!" ಎಂದು ಕೂಗಿದ.

ಆಮೇಲೊಂದು ಬೆಳಿಗ್ಗೆ, ಬೇಕರಿ ತೆರೆದಿರಬೇಕಾದ ಹೊತ್ತಿನಲ್ಲಿ, ಮನೆಗಾಡಿ ಬೀದಿಯ ತುದಿಯಲ್ಲಿ ಕಾಣಿಸಿಕೊಂಡಿತು. ತೊಳೆದು ಫಳಫಳ ಹೊಳೆಯುತ್ತಿತ್ತು. ಅದನ್ನು ಓಡಿಸುತ್ತಿದ್ದವರೂ ಅಷ್ಟೇ, ಹುಬ್ಬಿನ ಮೇಲೆ ಒಂದು ಚೂರು ಹಿಟ್ಟಿಲ್ಲ. ಡೈನಮೋ ಅಕ್ಕ ಒಂದು ಲಾರಿಯ ಕೆಳಗಿನಿಂದ ಎರಡು ಬೂಟುಗಳು ಬಂದು ನಿಂತದ್ದನ್ನು ನೋಡಿದಳು.

"ಏನಾಯ್ತು?" ಎಂದು ಕೆಳಗಿನಿಂದಲೇ ಕೇಳಿದಳು. "ಮತ್ತೆ ನಿಂತಿತಾ?"

"ಇಲ್ಲ. ದಿನವೆಲ್ಲ ತಿರುಗುತ್ತೆ."

"ದೀಪ?"

"ಉರಿಯುತ್ತೆ."

"ಹಿಟ್ಟು?"

"ಉಬ್ಬುತ್ತೆ."

"ಮತ್ತೇನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ," ಎಂದರು ಬೇಕರಿಯವರು. ಕೆಮ್ಮಿದರು. "ಏನೂ ಕೆಟ್ಟಿಲ್ಲ ಅಂತ ಹೇಳೋಕೆ ಬಂದೆ."

ಅವಳು ಲಾರಿಯ ಕೆಳಗಿನಿಂದ ಜಾರಿಕೊಂಡು ಹೊರಬಂದು, ಮಲಗಿದ ಹಾಗೇ ಅವರನ್ನು ನೋಡಿದಳು. ಅವರ ಕಿವಿ, ಕುತ್ತಿಗೆ, ಮೂಗು ಎಲ್ಲವೂ ಕೆಂಪಾಗಿದ್ದವು.

"ಅದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ?"

"ದಿನಾ ಸಂಜೆ ಗಾಡಿ ಹತ್ತಿ ಕೂರ್ತಿದ್ದೆ. ಏನಾದ್ರೂ ಕೆಡುತ್ತೇನೋ ಅಂತ ಕಾಯ್ತಿದ್ದೆ. ನೀವು ಅಷ್ಟು ಗಟ್ಟಿಯಾಗಿ ರಿಪೇರಿ ಮಾಡಿದ್ದೀರಿ, ಏನೂ ಕೆಡೋದೇ ಇಲ್ಲ! ಒಂದು ಫ್ಯೂಸು ಕಿತ್ತು ಹಾಕೋಣ ಅಂತ ಕೈ ಹಾಕಿದೆ. ಮನಸ್ಸು ಬರ್ಲಿಲ್ಲ, ನೀವು ಕೂರಿಸಿದ್ದು." ಅವರು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. "ನೋಡಿ, ಇವ್ರೇ... ನಾನು ಹೊರಟಿದ್ದೀನಿ. ನೀವೂ ಬರ್ತೀರಾ ಅಂತ."

ಅವಳು ಎದ್ದು ಕೂತಳು. "ದಾರೀಲಿ ಕೆಟ್ರೆ ರಿಪೇರಿಯವರು ಬೇಕು ಅಂತಾನಾ?"

"ಕೆಡದೇ ಇದ್ರೂ ಬೇಕು."

"ಏನಂದ?" ಎಂದು ಟಿಂಕರ್ ಮಾವ ಕಿರುಚಿದ. "ಕೆಡದೇ ಇದ್ರೂ ಬೇಕಂತೆ!" ಎಂದು ಪಂಕ್ಚರ್ ಅಂಗಡಿಯವನು ಕಿರುಚಿ ಹೇಳಿದ. ಬೀದಿಯಲ್ಲಿದ್ದ ಪ್ರತಿಯೊಂದು ಹಾರ್ನೂ ಮೊಳಗಿತು.

ಡೈನಮೋ ಅಕ್ಕ ಅಮ್ಮನ ಕಡೆ ನೋಡಿದಳು. ಅಮ್ಮ ಬಸ್ಸಿನ ಸೀಟಿನ ಮೇಲೆ ಇನ್ನಷ್ಟು ಅಗಲವಾಗಿ ಕೂತರು.

"ನನ್ನ ಮುಖ ಯಾಕೆ ನೋಡ್ತೀಯಾ? ಅಂಗಡಿ ನಾನು ನೋಡ್ಕೋತೀನಿ. ಮೊದಲು ರಿಜಿಸ್ಟ್ರಾರ್ ಆಫೀಸು, ಆಮೇಲೆ ಊರು ಸುತ್ತೋದು, ಗೊತ್ತಾಯ್ತಾ? ಏನ್ರೀ, ಬೇಕರಿಯವರೇ?"

"ಈಗಲೇ, ಅಮ್ಮಾ," ಎಂದರು ಬೇಕರಿಯವರು. ಯಾರನ್ನು ಹೇಗೆ ಕರೆಯಬೇಕೆಂಬುದರಲ್ಲಿ ಅವರಿಗೆ ಈಗ ಯಾವ ಗೊಂದಲವೂ ಇರಲಿಲ್ಲ.

ಅವಳು ಕೈ ಮುಖ ತೊಳೆದು, ಬಟ್ಟೆ ಬದಲಿಸಿ ಬಂದಾಗ ಅವರು ಗಾಡಿಯ ಕೀಲಿ ಅವಳ ಕೈಗೆ ಕೊಟ್ಟು ಪಕ್ಕದ ಸೀಟಿನಲ್ಲಿ ಕೂತರು. "ನೀವೇ ಓಡಿಸಿ. ಈ ಗಾಡಿ ನಿಮ್ಮ ಮಾತೇ ಕೇಳೋದು," ಎಂದರು. ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಗೇರು ಹಾಕಿದಳು. ಎಲ್ಲರೂ ಕೈ ಬೀಸಿದರು, ಟಿಂಕರ್ ಮಾವ ಒಂದು ತಗಡಿನ ಮೇಲೆ ಸುತ್ತಿಗೆಯಿಂದ ಡೋಲು ಬಾರಿಸಿದ, ಮನೆಗಾಡಿ ಬೀದಿ ದಾಟಿ ತಿರುವಿನಲ್ಲಿ ಮರೆಯಾಯಿತು.

ಟಿಂಕರ್ ಮಾವ ಇನ್ನೂ ಡೋಲು ನಿಲ್ಲಿಸಿರಲಿಲ್ಲ, ಅದೇ ತಿರುವಿನಿಂದ ಮನೆಗಾಡಿ ವಾಪಸು ಬಂತು. ಬಂದು ಅಂಗಡಿಯ ಮುಂದೆ ನೀಟಾಗಿ ನಿಂತಿತು.

ರಿಪೇರಿಯಾದ ಗಾಡಿಗಳನ್ನೆಲ್ಲ ಅವಳು ನೀರಿನ ಟ್ಯಾಂಕಿನವರೆಗೆ ಓಡಿಸಿ ನೋಡಿ, ಅಲ್ಲಿ ತಿರುಗಿಸಿಕೊಂಡು ವಾಪಸು ತರುತ್ತಿದ್ದಳು. ಇಷ್ಟು ವರ್ಷವೂ ಅದೇ. ಟ್ಯಾಂಕು ಕಂಡದ್ದೇ ತಡ, ಕೈಗಳು ತಮ್ಮ ಪಾಡಿಗೆ ತಾವು ಸ್ಟಿಯರಿಂಗ್ ತಿರುಗಿಸಿದ್ದವು.

"ಏನೇ!" ಎಂದರು ಅಮ್ಮ ಸೀಟಿನಿಂದ. "ಸಂಸಾರ ಇಷ್ಟು ಬೇಗ ಮುಗೀತಾ?"

ಬೀದಿ ನಕ್ಕ ನಗುವಿಗೆ ತಗಡುಗಳೆಲ್ಲ ಅದುರಿದವು. ಬೇಕರಿಯವರು ಕಿಟಕಿಗೆ ತಲೆ ಕೊಟ್ಟು, ಕಣ್ಣೊರೆಸಿಕೊಂಡು ನಗುತ್ತಿದ್ದರು. "ನೀವಾದ್ರೂ ಹೇಳಬಾರ್ದಾ?" ಎಂದು ಅವಳು ಅವರನ್ನು ತಿವಿದಳು.

"ಹೇಳೋಣ ಅಂದ್ಕೊಂಡೆ," ಎಂದರು ಅವರು. "ಎಲ್ಲಿಗೆ ಹೋದ್ರೂ ಪರವಾಗಿಲ್ಲ ಅನ್ನಿಸ್ತು."

ಅವಳು ಎಂಜಿನ್ ಆರಿಸಲಿಲ್ಲ. ಮತ್ತೆ ಗೇರು ಹಾಕಿದಳು. ಈ ಸಲ ಟ್ಯಾಂಕಿನ ಹತ್ತಿರ ಬಂದಾಗ ಬೇಕರಿಯವರು ಸ್ಟಿಯರಿಂಗಿನ ಮೇಲಿದ್ದ ಅವಳ ಕೈಯ ಮೇಲೆ ತಮ್ಮ ಕೈಯಿಟ್ಟರು, ತಿರುಗದ ಹಾಗೆ. ಗಾಡಿ ನೆಟ್ಟಗೆ ಹೋಯಿತು.